ಎದಿಗಿ ಕಟ್ಟಿದ ಮಲ್ಲಿಗಿ

ನಮ್ಮ ವಾರ್ಡಿಗಿ ಬರೋ ತಾಯಂದಿರಿಗೆಲ್ಲ ನಾ ಒಂದು ಮಾತು ಹೇಳ್ತಿದ್ದೆ. ನಿನ್ನ ಕೂಸಿಗಿಂತ ಸಣ್ಣ ಕೂಸನ್ನ ನಾ ಎದಿಗಿ ಹಚ್ಕೊಂಡೀನಿ ತಾಯಿ, ಇಲಿಮರಿ ಹಂಗಿತ್ತು, ಈಗ ನೋಡು ಆಕಿ ಡಿಗ್ರಿ ಓದ್ತಾಳ, ಅಂತ. ಇಪ್ಪತ್ತೆರಡು ವರ್ಷ ಇದನ್ನ ಹೇಳೀನಿ. ಮೊದಮೊದಲು ಆಕಿ ಅಂಬೆಗಾಲು ಇಡ್ತಾಳ ಅಂತಿದ್ದೆ. ಆಮ್ಯಾಲ ಅಂಗನವಾಡಿ, ಆಮ್ಯಾಲ ಟೆಂತ್, ಆಮ್ಯಾಲ ಇಂಟರ್. ಖರೇ ಹೇಳ್ಬೇಕಂದ್ರ ಆಕಿ ಎಲ್ಲಿದ್ಲು, ಏನ್ ಓದ್ತಿದ್ಲು, ನನಗ ಏನೂ ಗೊತ್ತಿರಲಿಲ್ಲ. ಬದುಕ್ಯಾಳೋ ಇಲ್ಲೋ ಅನ್ನೋದೂ ಗೊತ್ತಿರಲಿಲ್ಲ. ಹಂಗಿದ್ರೂ ವರ್ಷಕ್ಕೊಂದು ಕ್ಲಾಸು ಆಕಿನ್ನ ಮುಂದ ತಳ್ಳತಿದ್ದೆ. ಊರಾಗ ಹುಡುಗ್ಯಾರಿಗಿ ಶಾಲಿ ಶುರುವಾದಾಗ ನನ್ನ ತಲ್ಯಾಗ ಆಕಿ ಶಾಲಿನೂ ಶುರುವಾಗ್ತಿತ್ತು.

ನಾ ಆದವಾನಿ ದೊಡ್ಡಾಸ್ಪತ್ರ್ಯಾಗ ಕೂಸುಗಳ ವಾರ್ಡಿನ ಆಯಾ. ತಿಂಗಳು ತುಂಬದ ಕೂಸುಗಳು, ತೂಕ ಇಲ್ಲದ ಕೂಸುಗಳು ಬರೋ ವಾರ್ಡು. ಹತ್ತಿ ಮಿಲ್ಲಿಗಿ ಹೋಗೋರು, ಹೊಲಕ್ಕ ಹೋಗೋರು, ಆಟೋ ಹೊಡೆಯೋರ ಹೆಂಡ್ರು, ಎಲ್ಲಾರೂ ಬರ್ತಾರ. ತೆಲುಗು ನಡೀತೈತಿ, ಕನ್ನಡ ನಡೀತೈತಿ, ಉರ್ದೂನೂ ನಡೀತೈತಿ. ಬೈಯೋದು ಮಾತ್ರ ನಾ ಕನ್ನಡದಾಗ ಬೈತೀನಿ. ನನ್ನ ಬಾಯಿ ಜೋರು, ಬ್ಯಾರೆಯವರು ಹೇಳೋಕಿಂತ ಮೊದಲು ನಾನ ಹೇಳಿಬಿಡ್ತೀನಿ. ಸೊಸಿಗಿ ಹಾಲಿಲ್ಲ, ಡಬ್ಬಿ ಹಾಲು ತರಸ್ತೀವಿ ಅಂತ ಬರೋ ಅತ್ತಿಗಳನ್ನ ನಾ ಬಾಗಲ ದಾಟಾಕ ಬಿಡಾಂಗಿಲ್ಲ. ಹೊಸಾ ಡಾಕ್ಟರುಗಳೂ ಮೊದಲ ವಾರ ನನ್ನ ಕಂಡ್ರ ಹೆದರ್ತಾರ. ಈ ಸಿಟ್ಟು ನನಗ ಹುಟ್ಟಿಂದ ಬಂದದ್ದು. ಒಮ್ಮೆ ಈ ಸಿಟ್ಟು ಎಂಥಾದ್ದು ಮಾಡೇತಿ ಅಂತ ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಈಗ ಬರೀತೀನಿ.

ನನ್ನ ಗಂಡನ ಮನಿ ಪೆದ್ದಹರಿವಾಣಂ. ಕುರಿ ಸಾಕೋ ಮನಿತನ. ನಾ ಕನ್ನಡ ಶಾಲ್ಯಾಗ ಹತ್ತನೇತನಕ ಓದಿದಾಕಿ, ಕುರಿ ಹಿಂದ ಹೋಗಾಂಗಿಲ್ಲ ಅಂತ ಜಂಬ ಮಾಡ್ತಿದ್ದೆ. ನಮ್ಮತ್ತಿ ನಕ್ಕು, ಹೋಗಬ್ಯಾಡವಾ ತಾಯಿ, ಕುರೀನ ನಿನ್ನ ಹಿಂದ ಬರ್ತಾವ ಅಂತಿದ್ಲು. ಮದುವಿಯಾದ ಎರಡನೇ ವರ್ಷ ಬಸುರಾದೆ. ಎಂಟು ತುಂಬೋದ್ರಾಗ ಹೊಟ್ಟಿನೋವು ಬಂದು ಗಂಡು ಕೂಸು ಹುಟ್ಟಿತು. ನಾಕು ದಿನ ಇತ್ತು. ನಮ್ಮ ಮನಿಯವ್ರು ಆಗ ಕುರಿ ಹೊಡ್ಕೊಂಡು ಕಾಲುವಿ ಕಡಿ ಮೇವಿಗಿ ಹೋಗಿದ್ರು, ಹುಟ್ಟಿದ್ದೂ ನೋಡಲಿಲ್ಲ, ಹೋದದ್ದೂ ನೋಡಲಿಲ್ಲ.

ಕೂಸನ್ನ ಮಣ್ಣಿಗಿ ಕೊಟ್ಟ ಮರುದಿನ ನನಗ ಹಾಲು ಇಳೀತು. ಅದೇನು ಇಳಿಯೋದು, ಕುಪ್ಪಸ ತೊಯ್ದು ಹೊಟ್ಟಿಮ್ಯಾಲ ಹರೀತು. ನಾಕು ದಿನ ಕೂಸು ಬಾಯಿ ತಗದು ಹುಡುಕಿದಾಗ ಒಂದು ಹನಿ ಬರಲಿಲ್ಲ, ಈಗ ಯಾರಿಗಂತ ಬರ್ತೀ ಅಂತ ನನ್ನ ಮೈಯನ್ನ ನಾನ ಬೈದೆ. ನಮ್ಮತ್ತಿ ಆದವಾನಿಗಿ ಹೋಗಿ ನಾಕು ಮೊಳ ಮಲ್ಲಿಗಿ ತಂದ್ಲು. ನಮ್ಮ ಕಡಿ ಹಂಗ ಮಾಡ್ತಾರ: ಕೂಸು ಹೋದ ಬಾಣಂತಿ ಎದಿಗಿ ಮಲ್ಲಿಗಿ ಕಟ್ಟಿ ಮ್ಯಾಲ ಬಟ್ಟಿ ಬಿಗೀತಾರ, ಮೂರು ನಾಕು ದಿನದಾಗ ಹಾಲು ಬತ್ತತೈತಿ. ನಾ ಆ ಹೂವು ಕಿತ್ತು ಅಂಗಳಕ್ಕ ಒಗದೆ. ಅದು ನನ್ನ ಮಗನ ಹಾಲು, ಅವಂದಂತ ನನ್ನ ಹತ್ರ ಉಳಿದದ್ದು ಅದೊಂದ. ಅದನ್ನೂ ಕಟ್ಟಿಹಾಕ್ರಿ ಅಂತ ಹ್ಯಾಂಗ ಹೇಳ್ಲಿ? ಬಚ್ಚಲಕ್ಕ ಹೋಗಿ ಹಿಂಡಿ ಹಾಕ್ತಿದ್ದೆ, ಅಳ್ತಿದ್ದೆ, ಮತ್ತ ತುಂಬತಿತ್ತು.

ಅದ ವಾರ ಊರಾಗ ಇನ್ನೊಂದು ಮನ್ಯಾಗ ಹೆಣ ಎದ್ದಿತ್ತು. ಗುಡಿ ಹಿಂದಿನ ಆಚಾರ್ರ ಮನಿ. ಆಚಾರ್ರು ಎಂದೋ ತೀರಿಹೋಗಿದ್ರು, ಅಮ್ಮಾರು ಒಬ್ಬಾಕೀನ ಇರ್ತಿದ್ರು. ಅವರ ಒಬ್ಬಳ ಒಬ್ಬಾಕಿ ಮಗಳು ಚೊಚ್ಚಲ ಹೆರಿಗಿಗಿ ತವರಿಗಿ ಬಂದಾಕಿ, ಹೆಣ್ಣುಕೂಸು ಹಡದು ಆರನೇ ದಿನ ಜ್ವರದಾಗ ಹೋಗಿಬಿಟ್ಲು. ಅಳಿಯ ಕಲಬುರಗಿ ಕಡೆಯವ. ಹದಿಮೂರು ದಿನದ ಕರ್ಮ ಮುಗಿಸಿ ಕೂಸನ್ನ ಅವನ ಊರಿಗಿ ಒಯ್ಯೋದು ಅಂತ ಹಿರಿಯರು ಮಾತಾಡಿದ್ರು. ಕೂಸು ಆಕಳ ಹಾಲು ಕುಡಿದದ್ದೆಲ್ಲ ಕಕ್ಕತಿತ್ತು. ನಮ್ಮತ್ತಿ ಮೂವತ್ತು ವರ್ಷದಿಂದ ಆ ಮನಿ ದನದ ಕೊಟ್ಟಿಗಿ ಬಳದಾಕಿ. ಆಕಿಗಿ ತಡಿಲಿಲ್ಲ. ಹಿತ್ತಲದಾಗ ನಿಂತು, ಅಮ್ಮಾರ, ನನ್ನ ಸೊಸಿಗಿ ಹಾಲು ಉಕ್ಕತೈತ್ರಿ, ಕೂಸನ್ನ ಕೊಡ್ರಿ, ಕುಡಿಸಿ ತಂದುಕೊಡ್ತೀನಿ ಅಂದ್ಲಂತ.

ಅಮ್ಮಾರು ಒಳಗ ಹೋಗಿ ಒಂದು ಬೆಳ್ಳಿ ಒಳಲೆ ತಂದು ಕಟ್ಟಿಮ್ಯಾಲ ಇಟ್ರಂತ. ಕೂಸುಗಳಿಗಿ ಹಾಲು, ಔಷಧ ಹನಿಸೋ ಸಣ್ಣ ಬಟ್ಟಲು ಅದು, ಅಂಗೈಯಾಗ ಕೂಡ್ತೈತಿ, ಒಂದು ಕಡಿ ಗುಬ್ಬಿ ಕೊಕ್ಕಿನಂಗ ಚೂಪು ಇರ್ತೈತಿ. ಸತ್ತ ಮಗಳೂ ಅದರಾಗ ಕುಡಿದು ಬೆಳದಾಕಿ. ಹಾಲು ಇದರಾಗ ತಾ, ಕೂಸನ್ನ ಕಳಸಾಕ ಆಗಾಂಗಿಲ್ಲ, ನಮ್ಮ ಮನಿ ಮಡಿ ನಿನಗ ಗೊತ್ತೈತಲ್ಲ ಅಂದ್ರಂತ.

ನನಗ ಅವತ್ತು ಬ್ಯಾಸರ ಆಗಲಿಲ್ಲ. ಸುಳ್ಳ್ಯಾಕ ಹೇಳ್ಲಿ, ಹಿಗ್ಗಾತು. ಮಗ ಹೋದಮ್ಯಾಲ ಅವತ್ತ ಮೊದಲ ಸಲ ತಲಿ ಬಾಚ್ಕೊಂಡೆ, ಎರಡು ರೊಟ್ಟಿ ಉಂಡೆ. ಉಂಡ್ರ ಹಾಲಾಗ್ತೈತಿ, ಹಾಲಾದ್ರ ಅಲ್ಲೊಂದು ಕೂಸಿನ ಹೊಟ್ಟಿ ತುಂಬತೈತಿ. ಇಷ್ಟ ನನ್ನ ತಲ್ಯಾಗ. ದಿನಕ್ಕ ಐದು ಸಲ ಒಳಲೆ ತುಂಬಿಸಿ ಕೊಡ್ತಿದ್ದೆ, ನಮ್ಮತ್ತಿ ಸೆರಗಿನಾಗ ಮುಚ್ಕೊಂಡು ಓಡ್ತಿದ್ಲು. ಬಂದಕೂಡ್ಲೆ ಕೇಳ್ತಿದ್ದೆ: ಕಕ್ಕಿತಾ? ಉಚ್ಚಿ ಹೊಯ್ತಾ? ಕಣ್ಣು ತೆರೀತಾ? ಇವತ್ತು ನನ್ನ ಕಡಿ ಕಳಸ್ತೀನಿ ಅಂದ್ರಾ? ಕಡೀ ಪ್ರಶ್ನೆಗಿ ಆಕಿ ಖಾಲಿ ಒಳಲೆ ನನ್ನ ಕಡಿ ಚಾಚತಿದ್ಲು. ಆ ಕೂಸಿನ ಬಾಯಿ ನನ್ನ ಎದಿಗಿ ಒಂದು ಸಲ ಹತ್ತಿದ್ರ ಸಾಕು, ನಾ ಬದುಕ್ತೀನಿ ಅನ್ನಿಸ್ತಿತ್ತು.

ಮೂರು ದಿನ ಆದಮ್ಯಾಲ ಹಾಲು ಕಡಿಮಿ ಆಗಾಕ ಶುರುವಾತು. ಒಂದು ಸಲಕ್ಕ ಮೂರು ಒಳಲೆ ತುಂಬೋವಷ್ಟು ಬರ್ತಿದ್ದದ್ದು ಎರಡಾತು, ಆಮ್ಯಾಲ ಒಂದಕ್ಕ ಬಂತು. ನಮ್ಮತ್ತಿಗಿ ಇದು ಗೊತ್ತಿತ್ತು, ಜೀವನಪೂರ್ತಿ ಕುರಿ ಜೊತಿ ಬದುಕಿದಾಕಿ. ಮರಿ ಬಿಡದ ಬರೇ ಕೈಲೆ ಹಿಂಡಿದ್ರ ಯಾವ ಕುರಿ ಎಷ್ಟು ದಿನ ಕೊಡ್ತೈತಿ, ಮರಿ ಗುಮ್ಮಿ ಎಳೀಬೇಕು, ಎಳದಂಗ ಬರ್ತೈತಿ ಅಂದ್ಲು. ಇದನ್ನ ಅಮ್ಮಾರಿಗಿ ಹೇಳು ಅಂದೆ. ಹೇಳೀನಿ, ಅವರು ಬಾಯಿ ಬಿಡಲಿಲ್ಲ ಅಂದ್ಲು.

ಏಳನೇ ದಿನ. ನಮ್ಮತ್ತಿ ಖಾಲಿ ಒಳಲೆ ತಂದು ಇಟ್ಲು, ಅದು ಒದ್ದಿ ಇತ್ತು. ತೊಳದು ಕೊಟ್ರಾ ಅಂದೆ. ಆಕಿ ಏನೋ ಬ್ಯಾರೆ ಕೆಲಸ ಮಾಡ್ಕೊಂತ, ದಿನಾ ನಡಿಯೋ ಸಂಗತಿ ಹೇಳಿದಂಗ ಹೇಳಿದ್ಲು: ಹಂಗಲ್ಲ, ನಾ ಕಟ್ಟಿಮ್ಯಾಲ ಹಾಲು ಇಟ್ಟು ಹಿಂದ ಸರೀತೀನಿ, ಅಮ್ಮಾರು ಬಂದು ಅದರ ಮ್ಯಾಲ ನೀರು ಚಿಮುಕಿಸಿ ಒಳಗ ಒಯ್ತಾರ. ನಮ್ಮತ್ತಿಗಿ ಅದರಾಗ ಏನೂ ಕಾಣಲಿಲ್ಲ. ಮೂವತ್ತು ವರ್ಷ ಆಕಿ ಇಟ್ಟದ್ದಕ್ಕೆಲ್ಲ ಅವರು ನೀರು ಹಾಕೇ ತಗೊಂಡಾರ.

ನನ್ನ ತಲಿ ಕೆಟ್ಟುಹೋತು. ನನ್ನ ಮಗನ ಹಾಲಿಗಿ ನೀರು ಚಿಮುಕಿಸ್ತಾರಾ? ಕೂಸಿನ ಹೊಟ್ಟ್ಯಾಗ ಹೋಗೋತನಕ ಮೈಲಿಗಿ, ಹೋದಮ್ಯಾಲ ಮಡಿ, ಇದ್ಯಾವ ನ್ಯಾಯ? ಬಾಯಿಗಿ ಬಂದದ್ದೆಲ್ಲ ಅಂದೆ. ಅವತ್ತ ಹೂವಿನಾಕಿ ಓಣ್ಯಾಗ ಬಂದ್ಲು. ನಾನ ಕೂಗಿ ನಾಕು ಮೊಳ ಮಲ್ಲಿಗಿ ತಗೊಂಡು, ಒಳಗ ಹೋಗಿ, ನನ್ನ ಕೈಯಾರೆ ಎದಿಗಿ ಸುತ್ತಿ, ಹಳೇ ಸೀರಿ ಹರದು ಉಸಿರು ಕಟ್ಟೋಹಂಗ ಬಿಗಿದೆ. ನಮ್ಮತ್ತಿ ಕೈ ಹಿಡಕೊಂಡ್ಲು. ಬ್ಯಾಡವಾ, ಅಮ್ಮಾರ ಮ್ಯಾಲ ಸಿಟ್ಟು ಅಮ್ಮಾರ ಮ್ಯಾಲ ಇರಲಿ, ಕೂಸು ಏನ್ ಮಾಡೇತಿ ಅಂದ್ಲು. ಬೇಕಿದ್ರ ಅವರ ಬಂದು ಕೇಳ್ಲಿ, ನಮ್ಮ ಹೊಸ್ತಿಲ ತುಳದು ಕೇಳ್ಲಿ, ಆಗ ಬಿಚ್ಚತೀನಿ ಅಂದೆ.

ಸಂಜಿಗಿ ಬರ್ತಾರ ಅಂದ್ಕೊಂಡಿದ್ದೆ. ಬರಲಿಲ್ಲ. ಮರುದಿನ ಬರ್ತಾರ ಅಂದ್ಕೊಂಡೆ. ಕೂಸಿಗಿ ಡಬ್ಬಿ ಪುಡಿ ಕಲಸಿ ಹಾಕ್ತಾರಂತ, ಭೇದಿ ಹತ್ತೇತಂತ ಅಂತ ನಮ್ಮತ್ತಿ ಖಾಲಿ ಒಳಲೆ ತಿರುಗಿ ಕೊಟ್ಟು ಬಂದು ಹೇಳಿದ್ಲು. ನಾ ಗ್ವಾಡಿ ಕಡಿ ಮುಖ ಮಾಡಿ ಮಲಗಿದೆ. ಆ ನಾಕು ದಿನ ನಾ ಅಮ್ಮಾರ ಮುಖ ಮಾತ್ರ ನೆನಸಿದೆ, ಕೂಸಿನ ಬಾಯಿ ಮರತೆ. ನಾ ಮಾಡಿದ ತಪ್ಪು ಇದ. ಎದಿ ಮೊದಲ ದಿನ ಕಲ್ಲಾತು, ಎರಡನೇ ದಿನ ಸುಟ್ಟಂಗ ಆತು, ನಾಕನೇ ದಿನ ಹಗುರ ಆತು. ಹಗುರಾದಾಗ ನನಗ ಹೆದರಿಕಿ ಆತು. ಆದ್ರೂ ಬಿಚ್ಚಲಿಲ್ಲ.

ಐದನೇ ದಿನ ಮುಂಜಾನಿ ಓಣಿ ಗದ್ದಲೆಲ್ಲ ಒಮ್ಮೆಲೆ ನಿಂತಂಗ ಆತು. ನಮ್ಮತ್ತಿ ಬಾಗ್ಲಾಗ ನಿಂತಾಕಿ ಹಿಂದಕ್ಕ ಸರದ್ಲು. ಅಮ್ಮಾರು ಬರಿಗಾಲಿಲೆ, ಕೂಸನ್ನ ಸೆರಗಿನಾಗ ಸುತ್ಕೊಂಡು, ನಮ್ಮ ಕುರಿಹಟ್ಟಿ ದಾಟಿ, ಹಿಕ್ಕಿ ತುಳಕೊಂತ ಬಂದಿದ್ರು. ಆ ಓಣ್ಯಾಗ ಅವರು ಎಂದೂ ಕಾಲಿಟ್ಟೋರಲ್ಲ. ಉಣ್ಣಿಗಿ ಮೈಲಿಗಿ ಇಲ್ಲ ಅಂತ ಅವರ ಮನ್ಯಾಗ ಕಂಬಳಿಮ್ಯಾಲ ಕೂಡ್ತಾರ, ನಮ್ಮತ್ತಿಗಿ ಅದು ಗೊತ್ತಿತ್ತು. ಗಡಿಬಿಡ್ಯಾಗ ಹೊಸಾ ಕಂಬಳಿ ತಂದು ಹಾಸಿದ್ಲು. ಅಮ್ಮಾರು ಅದನ್ನ ಕೈಲೆ ಸರಿಸಿ ಬರೇ ನೆಲದ ಮ್ಯಾಲ ಕುಂತ್ರು. ಕೂಸನ್ನ ನನ್ನ ಉಡ್ಯಾಗ ಹಾಕಿದ್ರು.

"ಮಡಿ ಮನ್ಯಾಗ ಬಿಟ್ಟು ಬಂದೀನಿ," ಅಂದ್ರು. "ಇದನ್ನ ಉಳಿಸಿಕೊಡವಾ."

ನಾ ಗೆದ್ದಿದ್ದೆ. ಎಂಥಾ ಗೆಲವೋ, ಅದರ ಮಣ್ಣಾಗ. ಕುಪ್ಪಸ ಬಿಚ್ಚಿ ಬಟ್ಟಿ ಸಡಲಿಸಿದೆ. ಕಂದುಹೋದ ಮಲ್ಲಿಗಿ ಉದುರಿ ಅಮ್ಮಾರ ಮುಂದ ನೆಲದ ಮ್ಯಾಲ ಬಿತ್ತು, ಮನಿ ತುಂಬ ಆ ಕೊಳತ ಹೂವಿನ ವಾಸನಿ. ಕೂಸು ಬಾಯಿ ಹಚ್ಚಿತು. ಅದರ ಬಾಯಿ ಬಿಸಿ ಇತ್ತು, ತುಟಿ ಒಣಗಿದ್ವು. ಎಳೀತು, ಬಿಟ್ಟಿತು, ಮತ್ತ ಎಳೀತು. ಒಂದೆರಡು ಹನಿ ಬಂದಿರಬೇಕು, ಅಷ್ಟ. ಆಮ್ಯಾಲ ಅಳಾಕ ಹತ್ತಿತು. ಜೋರಾಗಿ ಅಳಾಕ ಅದಕ್ಕ ಶಕ್ತಿ ಇರಲಿಲ್ಲ.

ಅಮ್ಮಾರು ನೆಲದ ಮ್ಯಾಲಿನ ಹೂವು ನೋಡಿದ್ರು. ನಾ ಅವರ ಮುಖ ನೋಡಲಿಲ್ಲ. "ಹಾಲು ತಾನ ಬತ್ತಿತ್ರಿ ಅಮ್ಮಾರ," ಅಂದೆ. "ಹೌದಲ್ಲ," ಅಂದ್ರು ಅವರು.

ಅವತ್ತು ಸಂಜಿತನಕ ಕೂಸು ನನ್ನ ಎದಿಮ್ಯಾಲಿತ್ತು. ನಮ್ಮತ್ತಿ ಬೆಳ್ಳುಳ್ಳಿ ಹುರದು ಕೊಟ್ಲು, ಸಜ್ಜಿ ಗಂಜಿ ಕಾಸಿ ಕೊಟ್ಲು, ಬಿಸಿನೀರಿಲೆ ಒತ್ತಿದ್ಲು. ಎಳೀಲಿ ಬಿಡು, ಎಳದಂಗ ಎಳದಂಗ ಮೂರು ನಾಕು ದಿನದಾಗ ಮತ್ತ ಬರ್ತೈತಿ, ನಾ ಎಷ್ಟು ಕುರಿ ನೋಡಿಲ್ಲ ಅಂತ ಅಮ್ಮಾರಿಗಿ ಧೈರ್ಯ ಹೇಳಿದ್ಲು. ಅಮ್ಮಾರು ಅಲ್ಲೇ ಕುಂತಿದ್ರು, ನೀರು ಸೈತ ಕುಡೀಲಿಲ್ಲ. ನಾ ಕೂಸಿನ ಬೆನ್ನು ಸವರಿದೆ, ಕೈಬೆರಳು ಎಣಿಸಿದೆ, ಅದರ ಕಿವಿ ಹಿಂದಿನ ಕೂದಲು ಮೂಸಿದೆ. ಹೆಸರಿಟ್ಟಿರಲಿಲ್ಲ ಅದಕ್ಕಿನ್ನೂ. ನಾನೂ ಇಡಲಿಲ್ಲ.

ಕರ್ಮ ಹಿಂದಿನ ದಿನ ಮುಗಿದಿತ್ತು. ಸಂಜಿಗಿ ಅಳಿಯ ಆಟೋ ತಂದು ಓಣಿ ತುದ್ಯಾಗ ನಿಲ್ಲಿಸಿದ. ಅವನಿಗೂ ಇಪ್ಪತ್ತಾರು ಇಪ್ಪತ್ತೇಳು ಇರಬೇಕು, ತಲಿ ಬೋಳಿಸಿದ್ರು, ಮುಖ ನೋಡಾಂಗಿರಲಿಲ್ಲ. ಇನ್ನ ನಾಕು ದಿನ ಬಿಡಪಾ ಅಂತ ಅಮ್ಮಾರು ಕೇಳಿದ್ರು. ಅಲ್ಲಿ ಅವ್ವ ಎಲ್ಲಾ ತಯಾರಿ ಮಾಡ್ಯಾಳ, ದೊಡ್ಡ ಡಾಕ್ಟರು ಅದಾರ, ರೈಲು ತಪ್ಪತೈತಿ ಅಂದ ಅವ. ಅವಂದೂ ತಪ್ಪಿಲ್ಲ. ಬಿಡ್ರಿ, ನಾ ಉಳಿಸ್ತೀನಿ ಅಂತ ನಾ ಹೇಳ್ಬೇಕಿತ್ತು. ಯಾವ ಬಾಯಿಲೆ ಹೇಳ್ಲಿ? ಅಮ್ಮಾರೂ ಕೂಸಿನ ಜೊತಿ ಆಟೋ ಹತ್ತಿದ್ರು. ಆದವಾನಿ ಸ್ಟೇಷನ್ನಿಗಿ ಹೋದ್ರು. ಆ ಮನಿಗಿ ಅವತ್ತು ಬಿದ್ದ ಕೀಲಿ ಮತ್ತ ತಗೀಲಿಲ್ಲ, ಮುಂದ ಎರಡು ವರ್ಷಕ್ಕ ಯಾರಿಗೋ ಮಾರಿದ್ರು.

ಅವರು ಹೋದ ಮೂರನೇ ದಿನ ಮುಂಜಾನಿ ನನ್ನ ಹಾಲು ತಿರುಗಿ ಬಂತು.

ನಮ್ಮತ್ತಿ ಹೇಳಿದ್ದು ಖರೇ ಆಗಿತ್ತು. ಆ ಕೂಸು ಎಳದದ್ದಕ್ಕ ಬಂದಿತ್ತು ಅದು, ಬರೋದ್ರಾಗ ಕೂಸು ಇರಲಿಲ್ಲ. ನಾ ಬಚ್ಚಲದಾಗ ಕುಂತು ಬಾಯಿಗಿ ಸೆರಗು ತುರುಕ್ಕೊಂಡು ಅತ್ತೆ. ನಮ್ಮತ್ತಿ ಬಂದು ಬಾಜು ಕುಂತ್ಲು, ಮಲ್ಲಿಗಿ ಮಾತು ಎತ್ತಲಿಲ್ಲ. ಎರಡು ದಿನಕ್ಕ ಜ್ವರ ಬಂತು, ಎದ್ಯಾಗ ಗಡ್ಡಿ ಕಟ್ಟಿತು. ಬಸ್ಸಿನ್ಯಾಗ ಆದವಾನಿಗಿ ಕರಕೊಂಡು ಹೋಗಿ ಆಸ್ಪತ್ರಿಗಿ ತೋರಿಸಿದ್ಲು. ಅಲ್ಲೊಬ್ಬ ವಯಸ್ಸಾದ ನರ್ಸಮ್ಮ ನನ್ನ ಕಥಿ ಕೇಳಿ, ಕೈ ಹಿಡಕೊಂಡು ಒಳಗಿನ ಖೋಲಿಗಿ ಒಯ್ದ್ಲು. ಒಂದು ಕೂಸು ಮಲಗಿತ್ತು. ತಾಯಿಗಿ ಫಿಟ್ಸ್ ಬಂದು ಎಚ್ಚರ ಇಲ್ಲ, ನಾಕು ದಿನ ಆತು ಅಂದ್ಲು. ತೆಲುಗಿನ್ಯಾಗ "ಇಸ್ತಾವಾ ತಲ್ಲೀ" ಅಂತ ಕೇಳಿದ್ಲು, ಕೊಡ್ತೀಯಾ ತಾಯಿ ಅಂತ. ಕೂಸಿನ ಅಪ್ಪ ಬಾಗ್ಲಾಗ ನಿಂತು ಕೈ ಮುಗದ. ಯಾವ ಮಂದಿ, ಯಾವ ಊರು, ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎತ್ತಿ ಎದಿಗಿ ಹಚ್ಕೊಂಡೆ. ಅದು ಎಳೀತು, ಗುಟುಕ್ ಗುಟುಕ್ ಅಂತ ನುಂಗಿತು. ನಾ ಗ್ವಾಡಿಗಿ ತಲಿ ಆನಿಸಿ ಅಳ್ತಾನ ಇದ್ದೆ, ನರ್ಸಮ್ಮ ಸೆರಗಿಲೆ ನನ್ನ ಮುಖ ಒರಸ್ತಾನ ಇದ್ಲು.

ಆ ತಾಯಿ ಎದ್ದು ಕುಂತಮ್ಯಾಲೂ ನಾ ಹೋಗೋದು ಬಿಡಲಿಲ್ಲ. ದಿನಾ ಮುಂಜಾನಿ ಬಸ್ಸು ಹತ್ತತಿದ್ದೆ. ಆಗ ನಡೀತಿತ್ತು. ಈಗ ಹಂಗ ಒಬ್ಬರ ಹಾಲು ಇನ್ನೊಬ್ಬರ ಕೂಸಿಗಿ ಕೊಡಾಂಗಿಲ್ಲ, ರಕ್ತ ಪರೀಕ್ಷಾ, ಡಾಕ್ಟರ ಸಹಿ, ಎಲ್ಲಾ ಬೇಕು, ಅದು ಸರೀನ. ನನ್ನ ಹಾಲು ನಿಂತಮ್ಯಾಲ ಆಯಾ ಕೆಲಸಕ್ಕ ತಗೊಂಡ್ರು. ನನಗ ಮತ್ತ ಮಕ್ಕಳಾಗಲಿಲ್ಲ. ನಮ್ಮ ಮನಿಯವ್ರು ಅದನ್ನ ಒಂದು ದಿನ ಎತ್ತಿ ಆಡಲಿಲ್ಲ, ಪುಣ್ಯಾತ್ಮ. ನಮ್ಮತ್ತಿ ಹೋಗಿ ಒಂಬತ್ತು ವರ್ಷ ಆತು.

ನನ್ನ ಕೆಲಸ ಅಂದ್ರ ಇಷ್ಟ: ಹೆದರಿದ ತಾಯಿ ಹತ್ರ ಕುಂತು, ಕೂಸನ್ನ ಬರೇ ಮೈಲೆ ಆಕಿ ಎದಿಮ್ಯಾಲ ಇಟ್ಟು, ಅದು ಎಳೀಯೋತನಕ ಕಾಯೋದು. ಎಳಿಯಾಕ ಬರದಿದ್ರ ತಾಯಿ ಹಾಲು ಹಿಂಡಿಸಿ ಸಣ್ಣ ಸ್ಟೀಲ್ ಬಟ್ಟಲದಾಗ ಹನಿಸೋದು. ತೆಲುಗಿನೋರು ಉಗ್ಗುಗಿನ್ನೆ ಅಂತಾರ. ಒಳಲೆನ ಅದು. ದಿನಾ ಕೈಯಾಗ ಹಿಡೀತೀನಿ. ಕೂಸು ಮುಂದಿನ ವಾರ ತೂಕ ಏರಿಸ್ಕೊಂಡು ಮನಿಗಿ ಹೋಗುವಾಗ ತಾಯಿ ತಿರುಗಿ ನೋಡ್ತಾಳ, ನನಗ ಹೊಟ್ಟಿ ತುಂಬಿದಂಗ ಆಗ್ತೈತಿ. ಇದೊಂದು ಇಲ್ಲದಿದ್ರ ನಾ ಯಾವಾಗೋ ಹುಚ್ಚಿ ಆಗಿರ್ತಿದ್ದೆ. ಇದರ ಬುಡಕ್ಕ ಆ ಹೆಸರಿಲ್ಲದ ಹುಡುಗಿ ಇದ್ಲು. ಆಕಿ ಎಲ್ಲೋ ಬದುಕ್ಯಾಳ, ಅಲ್ಲಿ ದೊಡ್ಡ ಡಾಕ್ಟರು ಉಳಿಸ್ಯಾರ ಅಂತ ನಂಬಿದ್ದೆ. ತಾಯಂದ್ರು ನಿನ್ನ ಮಗಳಾ ಅಂತ ಕೇಳಿದ್ರ ಹೂಂ ಅಂತಿದ್ದೆ.

ಹೋದ ಶ್ರಾವಣದಾಗ ಒಬ್ಬ ಗಂಡಸು ವಾರ್ಡಿನ ಹೊರಗ ನಿಂತಿದ್ದ. ಐವತ್ತರ ಹತ್ರ, ಕನ್ನಡಕ, ಹಣಿಮ್ಯಾಲ ಅಂಗಾರ ಅಕ್ಷತಿ. ಗಂಡಸರು ಇಲ್ಲಿ ನಿಲ್ಲಬಾರದು ಅಂತ ಬೈಯಾಕ ಹೋದಾಕಿ ನಾ. ಅವ ಊರ ಹೆಸರು ಹೇಳಿ, ನೀವು ಕುರಿಯವರ ಮನಿ ಸೊಸಿ ಅಲ್ರಿ ಅಂದ. ಊರಾಗ ಕೇಳ್ಕೊಂಡು ಬಂದೀನಿ ಅಂದ. ಕಣ್ಣು ನೋಡಿ ಗುರ್ತು ಹತ್ತಿತು. ಅಳಿಯ. ನನಗ ಖುಷಿ ಆತು, ಬೆಂಚಿನ ಮ್ಯಾಲ ಕುಂಡ್ರಿಸಿ ನೀರು ತಂದುಕೊಟ್ಟೆ. ಅಮ್ಮಾರು ಹ್ಯಾಂಗದಾರ ಅಂತ ಕೇಳೋದೂ ಬಿಟ್ಟು ಮೊದಲ ಕೇಳಿದ್ದು ಅದನ್ನ.

"ನಮ್ಮ ಹುಡುಗಿ ಹ್ಯಾಂಗದಾಳ್ರಿ? ಇಪ್ಪತ್ತೆರಡು ತುಂಬಿತು, ಅಲ್ರಿ?"

ಅವ ಗ್ಲಾಸು ಕೈಯಾಗ ಹಿಡಕೊಂಡು ನನ್ನ ನೋಡಿದ. "ನಿಮಗ ಯಾರೂ ಹೇಳಿಲ್ಲೇನ್ರಿ?" ಅಂದ.

ಊರಿಗಿ ಮುಟ್ಟಿದ ಮ್ಯಾಲ ಎರಡು ದಿನ ದವಾಖಾನ್ಯಾಗ ಇತ್ತಂತ. ಮೂರನೇ ದಿನ ಮುಂಜಾನಿ ಹೋತಂತ. ಮೂರನೇ ದಿನ ಮುಂಜಾನಿ. ನಾ ಬಚ್ಚಲದಾಗ ಹಾಲು ಹಿಡಕೊಂಡು ಕುಂತಿದ್ದ ಹೊತ್ತು.

ಅವನ ಮ್ಯಾಲ ಸಿಟ್ಟು ಬಂತು. ಇಪ್ಪತ್ತೆರಡು ವರ್ಷ, ಒಂದು ಕಾಗದ ಹಾಕಾಕ ಆಗಲಿಲ್ಲೇನು ಅಂತ ಕೂಗಿದೆ, ಸಿಸ್ಟರುಗಳು ಹೊರಗ ಬಂದು ನೋಡಿದ್ರು. ಇಪ್ಪತ್ತು ದಿನದಾಗ ಇಬ್ಬರನ್ನ ಕಳಕೊಂಡವ ಯಾರಿಗಂತ ಕಾಗದ ಬರೀಬೇಕಿತ್ತು? ಕೂಗಿ ಕೂಗಿ ನಾನ ಸುಮ್ನಾದೆ.

ಅಮ್ಮಾರು ಅವನ ಹತ್ರಾನ ಇದ್ರಂತ, ಹೋದ ತಿಂಗಳು ತೀರಿಕೊಂಡ್ರಂತ. ಅವ ಮತ್ತ ಮದುವಿಯಾಗಿ ಮಕ್ಕಳಾದ್ವು, ಆ ಮಕ್ಕಳನ್ನ ಅಮ್ಮಾರ ಬೆಳಸಿದ್ರಂತ. ಯಾವ ಕೂಸಿಗೂ ಆ ಒಳಲ್ಯಾಗ ಕುಡಿಸಲಿಲ್ಲ, ದಿನಾ ಮುಂಜಾನಿ ತೊಳದು ಒರಸಿ ಎತ್ತಿಡ್ತಿದ್ರು ಅಂದ. ಕಡೀಕ ಮಾತು ನಿಲ್ಲೋ ಮೊದಲು ಅದನ್ನ ನನಗ ಮುಟ್ಟಿಸು ಅಂದ್ರಂತ. ಅವ ಚೀಲದಿಂದ ಬಿಳೀ ಬಟ್ಟಿ ಗಂಟು ತಗದು ನನ್ನ ಕೈಯಾಗ ಇಟ್ಟ. ಕಟ್ಟಿಮ್ಯಾಲ ಇಡಲಿಲ್ಲ, ಬೆಂಚಿನ ಮ್ಯಾಲ ಇಡಲಿಲ್ಲ, ಕೈಯಾಗ ಇಟ್ಟ.

"ಒಂದು ಮಾತು ಹೇಳಾಕ ಹೇಳಿದ್ರು," ಅಂದ. "ನನಗ ಅರ್ಥ ಆಗಲಿಲ್ರಿ, ನಿಮಗ ಆಗ್ತೈತಿ ಅಂದ್ರು. ಆ ಹೂವು ಕಟ್ಟಿದ್ದು ಆಕಿ ಅಲ್ಲ, ನಾನು ಅಂತ ಹೇಳು ಅಂದ್ರು."

ಇಪ್ಪತ್ತೆರಡು ವರ್ಷ ನಾ ಆಕಿನ್ನ ಶಾಲಿಗಿ ಕಳಸಿದ್ದೆ, ಅಲ್ಲಿ ಅಮ್ಮಾರು ದಿನಾ ಖಾಲಿ ಒಳಲೆ ತೊಳದಿದ್ರು. ಹಿಂಗ ಅಂತ ಒಬ್ಬರಿಗೊಬ್ಬರು ಒಂದು ಸಲ ಹೇಳ್ಕೊಂಡಿದ್ರ ಆಗ್ತಿರಲಿಲ್ಲೇನು. ಅವ ಹೋದಮ್ಯಾಲ ನಾ ಬಟ್ಟಿ ಒಣಹಾಕೋ ಕಡಿ ಹೋಗಿ ಕುಂತೆ. ನನ್ನ ಮಗ ಹೋದಾಗ ಅತ್ತಿದ್ದಕ್ಕಿಂತ ಹೆಚ್ಚು ಅತ್ತೆ. ಅಮ್ಮಾರ ಮಾತು ನಂಬಾಕ ಭಾಳ ಪ್ರಯತ್ನ ಮಾಡೀನಿ, ಆಗವಲ್ದು. ಕಟ್ಟಿದ ಕೈ ನಂದು, ನನಗ ಗೊತ್ತೈತಿ.

ಮರುದಿನ ರಜಾ ಹಾಕೋಣು ಅಂದ್ಕೊಂಡೆ. ಹಾಸಿಗ್ಯಾಗ ಎದ್ದು ಕುಂತು, ಇನ್ನ ಆ ವಾರ್ಡಿಗಿ ಹೋಗಿ ಏನ್ ಹೇಳ್ಲಿ ಅಂತ ಯೋಚನಿ ಮಾಡಿದೆ. ಕಾಲು ತಾನ ಬಸ್‌ಸ್ಟ್ಯಾಂಡಿಗಿ ಹೋದ್ವು. ಪೆದ್ದಕಡುಬೂರಿಂದ ಬಂದ ಒಂದು ಹುಡುಗಿ, ಹತ್ತೊಂಬತ್ತೋ ಇಪ್ಪತ್ತೋ, ಮೂರು ದಿನದ ಕೂಸನ್ನ ಮುಟ್ಟಾಕೂ ಹೆದರಿ ಕುಂತಿದ್ಲು. ಸಣ್ಣ ಹೆಣ್ಣುಕೂಸು. ಒಂದು ಸಲ ಎಳೀತೈತಿ, ನಿದ್ದಿ ಹೋಗ್ತೈತಿ, ಹಾಲೂ ಬರವಲ್ದು ಅಂತ ಅತ್ಲು. ನಾ ಚೀಲದಾಗಿನ ಒಳಲೆ ತಗದು, ಸಿಸ್ಟರಿಗಿ ಕೊಟ್ಟು ನೀರಾಗ ಕುದಿಸಾಕ ಹಚ್ಚಿದೆ. ಹುಡುಗಿ ಬೆನ್ನಿಗಿ ಕೈ ಕೊಟ್ಟು ಕುಂತು ನಾಕು ಹನಿ ಹಿಂಡಿಸಿದೆ, ಕೂಸಿನ ತುಟಿಗಿ ಕೊಕ್ಕು ಹಚ್ಚಿ ಹನಿಹನಿ ಹಾಕಿದೆ. ನುಂಗಿತು. ಆಮ್ಯಾಲ ಕೂಸನ್ನ ಎತ್ತಿ ಆಕಿ ಎದಿಮ್ಯಾಲ ಇಟ್ಟೆ.

ಹುಡುಗಿ ನನ್ನ ಮುಖ ನೋಡಿದ್ಲು. "ಆಯಮ್ಮಾ, ಮೊನ್ನಿ ಹೇಳಿದ್ದಿಯಲ್ಲ, ಇದಕ್ಕಿಂತ ಸಣ್ಣದಿತ್ತು ಅಂತ," ಅಂದ್ಲು. "ನಿನ್ನ ಮಗಳು ಈಗ ಏನ್ ಮಾಡ್ತಾಳ?"

ಒಳಲೆ ಸೆರಗಿಲೆ ಒರಸ್ಕೊಂಡೆ. ಕೂಸು ಬಾಯಿ ಬಿಟ್ಟು ಹುಡುಕಾಕ ಹತ್ತಿತ್ತು.

"ಡಿಗ್ರಿ ಮುಗೀತು," ಅಂದೆ. "ಟೀಚರ್ ಆಗ್ಯಾಳ. ನೀ ಕೈ ಇಲ್ಲಿ ಹಿಡಿ, ಹಿಂಗ, ಅದರ ತಲಿ ಮ್ಯಾಲೆತ್ತು."